ಪಾದದ ಬಳಿಯ ರಾಜಕುಮಾರಿ

ಮೇಲುಕೋಟೆಯ ಉತ್ಸವಮೂರ್ತಿ ಚೆಲುವಪಿಳ್ಳೆರಾಯನ ಪಾದದ ಬಳಿ ಒಂದು ಪುಟ್ಟ ಹೆಣ್ಣುವಿಗ್ರಹವಿದೆ. ಬೀಬಿ ನಾಚ್ಚಿಯಾರ್ ಎನ್ನುತ್ತಾರೆ. ದೆಹಲಿ ಸುಲ್ತಾನನ ಮಗಳಂತೆ. ಅಷ್ಟು ದೂರದ ಅರಮನೆಯ ಹುಡುಗಿ ಪಾಂಡವಪುರ ತಾಲ್ಲೂಕಿನ ಈ ಬೆಟ್ಟದೂರಿಗೆ ಹೇಗೆ ಬಂದಳು ಎಂಬ ಕಥೆಯನ್ನು ಕೇಳದವರು ಮಂಡ್ಯ ಸೀಮೆಯಲ್ಲಿ ಕಡಿಮೆ. ಕೇಳಿದವರೆಲ್ಲ ಅದನ್ನು ಮೆಚ್ಚುತ್ತಾರೆ. ಭಕ್ತರಿಗೆ ಅದು ಭಕ್ತಿಯ ಕಥೆ, ಭಾಷಣಕಾರರಿಗೆ ಸೌಹಾರ್ದದ ಕಥೆ. ಅದನ್ನು ಒಂದು ಕೃತಿಯೆಂದು ತಿಳಿದು, ಅದರ ಕಟ್ಟೋಣವನ್ನೂ ಅದು ಮುಚ್ಚಿಡುವುದನ್ನೂ ನೋಡುವವರು ಮಾತ್ರ ಅಪರೂಪ. ಇಲ್ಲಿ ಅದನ್ನೇ ಮಾಡಲು ಹೊರಟಿದ್ದೇನೆ.

ಕಥೆ ಹೀಗೆ. ಚೋಳ ದೊರೆಯ ಕಿರುಕುಳ ತಾಳದೆ ಘಟ್ಟ ಹತ್ತಿ ಬಂದ ರಾಮಾನುಜರು ಹೊಯ್ಸಳ ಬಿಟ್ಟಿದೇವನ ಆಸರೆ ಪಡೆದು ತೊಣ್ಣೂರಿನಲ್ಲಿ ನಿಲ್ಲುತ್ತಾರೆ. ಒಂದು ರಾತ್ರಿ ಕನಸಾಗುತ್ತದೆ. ಬೆಟ್ಟದ ಮೇಲಿನ ಹುತ್ತ ಅಗೆಸಿದರೆ ನಾರಾಯಣನ ಮೂಲವಿಗ್ರಹ ಸಿಗುತ್ತದೆ, ನಾಮ ಇಡುವ ಬಿಳಿಮಣ್ಣೂ ಸಿಗುತ್ತದೆ. ಮೆರವಣಿಗೆಗೆ ಬೇಕಾದ ಉತ್ಸವಮೂರ್ತಿ ಮಾತ್ರ ಇಲ್ಲ. ದೆಹಲಿಯ ದಂಡು ಕೊಳ್ಳೆ ಹೊಡೆದು ಒಯ್ದುಬಿಟ್ಟಿದೆ. ಮುದಿ ಆಚಾರ್ಯರು ದೆಹಲಿಗೇ ಹೋಗುತ್ತಾರೆ. ಸುಲ್ತಾನ ಉದಾರಿ. ಕೊಳ್ಳೆಯ ಮಾಲು ತುಂಬಿದ ಕೋಣೆ ತೆರೆಸಿ ಹುಡುಕಿಕೊಳ್ಳಿ ಎನ್ನುತ್ತಾನೆ. ಅಲ್ಲಿ ಅದು ಇಲ್ಲ. ಇರುವುದು ಅವನ ಮಗಳ ಅಂತಃಪುರದಲ್ಲಿ. ಅವಳಿಗೆ ಅದು ಗೊಂಬೆ. ಮೀಯಿಸುತ್ತಾಳೆ, ಉಡಿಸುತ್ತಾಳೆ, ಪಕ್ಕದಲ್ಲಿ ಮಲಗಿಸಿಕೊಳ್ಳುತ್ತಾಳೆ. ರಾಮಾನುಜರು ಬಾಗಿಲಲ್ಲಿ ನಿಂತು ಮಗುವನ್ನು ಕರೆಯುವಂತೆ ಕರೆದದ್ದೇ ತಡ, ಗೊಂಬೆ ಗೆಜ್ಜೆ ಘಲ್ಲೆನಿಸುತ್ತ ಓಡಿಬಂದು ಮುದುಕನ ತೊಡೆಯೇರುತ್ತದೆ. ಹುಡುಗಿ ಬಿಟ್ಟಿರಲಾರಳು. ಪಲ್ಲಕ್ಕಿಯಲ್ಲಿ ಹಿಂದೆಯೇ ಹೊರಡುತ್ತಾಳೆ. ಕೆಲವರ ಹೇಳಿಕೆಯಲ್ಲಿ ದಾರಿಯಲ್ಲೇ ಮಾಯವಾಗುತ್ತಾಳೆ, ಕೆಲವರಲ್ಲಿ ಮೇಲುಕೋಟೆ ಮುಟ್ಟಿ ವಿಗ್ರಹದೊಳಗೆ ಸೇರಿಹೋಗುತ್ತಾಳೆ. ಶ್ರೀರಂಗದಲ್ಲೂ ಇಂಥದೇ ಕಥೆಯಿದೆ. ಅಲ್ಲಿ ಅವಳಿಗೆ ಗೋಡೆಯ ಮೇಲಿನ ಚಿತ್ರವೇ ಗುಡಿ, ರೊಟ್ಟಿಯೇ ನೈವೇದ್ಯ.

ಬರೀ ಕಥೆಯಾಗಿ ನೋಡಿದರೆ ಇದರಲ್ಲಿ ತೆಗೆದುಹಾಕಬಹುದಾದ ಒಂದು ಸಾಲೂ ಇಲ್ಲ. ಕೊಳ್ಳೆಯ ಕೋಣೆಯಲ್ಲಿ ನೂರಾರು ದೇವರು ಬಿದ್ದಿದ್ದರೂ ಬೇಕಾದ ಒಂದೇ ಒಂದು ಅಲ್ಲಿಲ್ಲ ಎಂಬಲ್ಲಿ ಕಥೆಗಾರನ ಕೈಚಳಕ ಕಾಣುತ್ತದೆ. ಲೂಟಿಯ ಕಥೆ ಅಲ್ಲಿಗೆ ನಿಂತು ಒಲವಿನ ಕಥೆ ಶುರುವಾಗುತ್ತದೆ. ದೇವರನ್ನು ಇಬ್ಬರು ಪ್ರೀತಿಸುತ್ತಾರೆ, ಒಬ್ಬರು ಅಪ್ಪನಂತೆ, ಇನ್ನೊಬ್ಬಳು ಗೆಳತಿಯಂತೆ. ದೇವರು ಅಪ್ಪನ ಕಡೆಗೆ ಓಡುತ್ತಾನೆ. ಆ ಕ್ಷಣದಲ್ಲಿ ಹುಡುಗಿಯ ಮುಖ ಹೇಗಿತ್ತು ಎಂದು ಯಾವ ಹೇಳಿಕೆಯೂ ಹೇಳುವುದಿಲ್ಲ. ಗೆಜ್ಜೆಯ ಸದ್ದಿನಲ್ಲಿ ಅದು ಯಾರಿಗೂ ಕಾಣದೆ ಹೋಗುತ್ತದೆ. ನನ್ನ ತಕರಾರು ಹುಟ್ಟುವುದು ಇಲ್ಲಿಂದಲೇ.

ತಕರಾರಿಗೆ ಮೊದಲು ಇತಿಹಾಸದ ಲೆಕ್ಕ. ಸಂಪ್ರದಾಯದ ಪ್ರಕಾರ ರಾಮಾನುಜರ ಕಾಲ 1017ರಿಂದ 1137. ದೆಹಲಿಯಲ್ಲಿ ಸುಲ್ತಾನರ ಆಳ್ವಿಕೆ ಶುರುವಾದದ್ದು 1206ರಲ್ಲಿ. ಆಚಾರ್ಯರು ಕದ ತಟ್ಟಬೇಕಾದ ಅರಮನೆ ಆಗಿನ್ನೂ ಹುಟ್ಟಿರಲೇ ಇಲ್ಲ. ಇದನ್ನು ಹಿಡಿದು ಕಥೆಯೇ ಸುಳ್ಳು ಎಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಕಥೆಗೆ ಈ ತಪ್ಪು ಏಕೆ ಬೇಕಾಯಿತು ಎಂದು ಕೇಳಿದರೆ ಹೆಚ್ಚು ದಕ್ಕುತ್ತದೆ. 1311ರಲ್ಲಿ ದೆಹಲಿಯ ದಂಡನಾಯಕ ಮಲಿಕ್ ಕಾಫೂರ್ ಹೊಯ್ಸಳರ ರಾಜಧಾನಿ ದ್ವಾರಸಮುದ್ರಕ್ಕೆ ಮುತ್ತಿಗೆ ಹಾಕಿದ. ಮೂರನೆಯ ಬಲ್ಲಾಳ ಆನೆ, ಕುದುರೆ, ಭಂಡಾರ ಒಪ್ಪಿಸಿ ತಲೆಬಾಗಿದ. 1327ರ ಸುಮಾರಿಗೆ ತುಘಲಕನ ದಂಡು ಬಂದು ಉಳಿದದ್ದನ್ನೂ ಹಾಳು ಮಾಡಿತು. ಆಮೇಲೆ ಹೊಯ್ಸಳ ದೊರೆ ತೊಣ್ಣೂರಿಗೆ ಬಂದು ನೆಲೆಸಿದ ಎಂದು ಶಾಸನತಜ್ಞ ಬಿ.ಎಲ್. ರೈಸ್ ಬರೆದಿದ್ದಾನೆ. ರಾಮಾನುಜರು ಆಸರೆ ಪಡೆದ ಊರಿಗೇ, ಇನ್ನೂರು ವರ್ಷಗಳ ಮೇಲೆ, ಆಸರೆ ಕೊಟ್ಟವನ ವಂಶದವನು ನೆಲೆ ತಪ್ಪಿ ಬಂದ! ಬಲ್ಲಾಳನ ಕೊನೆಯಂತೂ ಘೋರ. 1343ರ ಸುಮಾರಿಗೆ, ಎಂಬತ್ತರ ಮುದುಕ, ಮಧುರೆಯ ಸುಲ್ತಾನನ ಕೈಗೆ ಸಿಕ್ಕ. ಅವನ ಚರ್ಮ ಸುಲಿದು ಹುಲ್ಲು ತುಂಬಿ ಮಧುರೆಯ ಗೋಡೆಗೆ ತೂಗುಹಾಕಿದ್ದನ್ನು ಕಣ್ಣಾರೆ ಕಂಡೆ ಎನ್ನುತ್ತಾನೆ ಪ್ರವಾಸಿ ಇಬ್ನ್ ಬತೂತಾ.

ಇಷ್ಟನ್ನು ಕಂಡ ನೆಲ ಗೊಂಬೆಯಾಡುವ ರಾಜಕುಮಾರಿಯ ಕಥೆ ಹೇಳಿಕೊಂಡಿತು. ಹದಿನಾಲ್ಕನೇ ಶತಮಾನದ ಗಾಯವನ್ನು ಹನ್ನೆರಡನೇ ಶತಮಾನಕ್ಕೆ ಒಯ್ದು ಒಬ್ಬ ಸಂತನ ಕೈಗೆ ಕೊಟ್ಟಿತು. ದೊರೆಯಿಂದ ಆಗದ್ದು ಆಚಾರ್ಯನಿಂದ ಆಯಿತು. ಸೋತ ಜನ ತಮ್ಮ ಸೋಲನ್ನು ಹೇಳಿಕೊಳ್ಳಲು ಇದಕ್ಕಿಂತ ಜಾಣ ಉಪಾಯ ನನಗೆ ಹೊಳೆಯುವುದಿಲ್ಲ.

ಕಳೆದದ್ದು ಮರಳಿ ಬರುವ ಕಥೆಗಳೆಂದರೆ ಮೇಲುಕೋಟೆಗೆ ಮೊದಲಿನಿಂದಲೂ ಮೋಹ. ಅಲ್ಲಿನ ದೇವರ ಕಿರೀಟ ವೈರಮುಡಿಯದೂ ಅದೇ ಜಾಡು. ವಿರೋಚನನೆಂಬ ಅಸುರ ಕ್ಷೀರಸಾಗರದಲ್ಲಿ ಮಲಗಿದ್ದ ವಿಷ್ಣುವಿನ ಕಿರೀಟ ಕದ್ದು ಪಾತಾಳಕ್ಕೆ ಒಯ್ಯುತ್ತಾನೆ, ಗರುಡ ಹೋರಾಡಿ ತರುತ್ತಾನೆ. ವೈರಮುಡಿ ಉತ್ಸವ ನಡೆಯುವ ಫಾಲ್ಗುಣದ ಆ ಒಂದು ರಾತ್ರಿಗಾಗಿ ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ಮುಡಿ ಬರುವಾಗ, ದಾರಿಯುದ್ದಕ್ಕೂ ಹಳ್ಳಿಗಳು ಪೂಜೆಗೆ ಕಾದು ನಿಂತಿರುತ್ತವೆ. ಸ್ವತಃ ಚೆಲುವಪಿಳ್ಳೆಯೂ ರಾಮನ ಮನೆಯಿಂದ ಕೃಷ್ಣನ ಮನೆಗೆ ಕೈದಾಟಿ ಬಂದವನು. ಹಾಗಾಗಿ ಕದ್ದೊಯ್ದ ದೇವರು ಮರಳಿದ ಎಂಬಷ್ಟರಲ್ಲಿ ಹೊಸತೇನಿಲ್ಲ. ಹೊಸತು ಆ ಹುಡುಗಿ. ಕಿರೀಟದ ಕಥೆಯಲ್ಲಿ ಅಸುರನ ಮಗಳು ಯಾರೂ ಗರುಡನ ಹಿಂದೆ ಬರಲಿಲ್ಲ. ಇಲ್ಲಿ ಬಂದಳು.

ಏಕೆ ಬಂದಳು? ಸೌಹಾರ್ದದ ಭಾಷಣಗಳು ತಪ್ಪುವುದು ಈ ಪ್ರಶ್ನೆಯಲ್ಲಿ. ಮುಸ್ಲಿಂ ಹುಡುಗಿಗೆ ಗರ್ಭಗುಡಿಯಲ್ಲಿ ಜಾಗ ಕೊಟ್ಟ ದೊಡ್ಡತನವೆಂದು ಇದನ್ನು ಹೊಗಳುತ್ತೇವೆ. ಆ ಜಾಗ ಸಣ್ಣದೆಂದು ನಾನೂ ಹೇಳುವುದಿಲ್ಲ. ದ್ವೇಷಕ್ಕೆ ನೂರು ಕಾರಣವಿದ್ದ ಹೊತ್ತಿನಲ್ಲಿ ಒಂದು ಸಂಪ್ರದಾಯ ಶತ್ರುವಿನ ಮಗಳನ್ನು ಪೂಜೆಯೊಳಕ್ಕೆ ತಂದಿತು. ಆದರೆ ಕಥೆಯ ಒಳಲೆಕ್ಕ ಬೇರೆ. ನಮ್ಮದನ್ನು ನೀವು ಒಯ್ದಿರಿ, ನಾವು ಅದನ್ನು ತಂದೆವು, ಜೊತೆಗೆ ನಿಮ್ಮ ಮಗಳನ್ನೂ ತಂದೆವು. ಕತ್ತಿ ಎತ್ತಲಿಲ್ಲ, ಅವಳೇ ಬಂದಳು. ಸೋತವನ ಕನಸಿನಲ್ಲಿ ಸೇಡು ಹೀಗೇ ಪ್ರೇಮದ ವೇಷ ಹಾಕಿಕೊಂಡು ಬರುತ್ತದೆ.

ಇದಕ್ಕೆ ತಿರುವುಮುರುವಾದ ಒಂದು ಚಿತ್ರ ಹತ್ತಿರದ ಶ್ರೀರಂಗಪಟ್ಟಣದಲ್ಲೇ ಹುಟ್ಟಿದೆ. ಬ್ರಿಟಿಷರೊಂದಿಗಿನ 1792ರ ಒಪ್ಪಂದದಂತೆ ಟಿಪ್ಪು ತನ್ನ ಇಬ್ಬರು ಮಕ್ಕಳನ್ನು ಕಾರ್ನ್‌ವಾಲಿಸನಿಗೆ ಒತ್ತೆಯಾಗಿ ಕೊಡಬೇಕಾಯಿತು. ಒಬ್ಬನಿಗೆ ಹತ್ತರ ಆಸುಪಾಸು, ಇನ್ನೊಬ್ಬನಿಗೆ ಎಂಟರ ಆಸುಪಾಸು. ರಾಬರ್ಟ್ ಹೋಮ್ ಮೊದಲಾದ ಚಿತ್ರಕಾರರು ಅದನ್ನು ಮತ್ತೆ ಮತ್ತೆ ಬರೆದರು. ಆ ಚಿತ್ರಗಳಲ್ಲಿ ಕಾರ್ನ್‌ವಾಲಿಸ್ ಮಕ್ಕಳ ಕೈಹಿಡಿದು ಬರಮಾಡಿಕೊಳ್ಳುವ ತಂದೆ. ಒತ್ತೆಯಿಟ್ಟುಕೊಳ್ಳುವುದು ಅಲ್ಲಿ ಮಮತೆಯಾಗಿದೆ. ಗೆದ್ದವನು ತನ್ನ ಕ್ರೌರ್ಯವನ್ನು ಮೃದುವಾಗಿ ಬರೆಸಿಕೊಂಡರೆ, ಸೋತವನು ತನ್ನ ನಷ್ಟವನ್ನು ಮೃದುವಾಗಿ ಹೇಳಿಕೊಂಡ. ಎರಡರಲ್ಲೂ ಕೈ ಬದಲಾಯಿಸಿದ್ದು ಮಕ್ಕಳು. ಒಂದು ವ್ಯತ್ಯಾಸವುಂಟು: ಟಿಪ್ಪುವಿನ ಮಕ್ಕಳು 1794ರಲ್ಲಿ ಮನೆಗೆ ಮರಳಿದರು.

ಬೀಬಿಗೆ ಮರಳುವ ದಾರಿಯಿಲ್ಲ, ತವರಿಲ್ಲ. ನಮ್ಮ ಸೀಮೆಯ ಪ್ರೇಮಕಾವ್ಯಕ್ಕೆ ಇದು ತೀರ ಅಪರಿಚಿತ. ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯವರು ಕೆ.ಎಸ್. ನರಸಿಂಹಸ್ವಾಮಿ. ಅವರ ‘ಮೈಸೂರ ಮಲ್ಲಿಗೆ’ಯಲ್ಲಿ ಒಲವು ಬದುಕುವುದೇ ತವರಿಗೂ ಗಂಡನ ಮನೆಗೂ ನಡುವಿನ ಓಡಾಟದಲ್ಲಿ. ಹುಡುಗಿಗೆ ಅಪ್ಪನಿದ್ದಾನೆ, ಅಮ್ಮನಿದ್ದಾಳೆ, ಮುನಿಸಿಕೊಂಡರೆ ಹೋಗಿ ಕೂರಲು ಒಂದು ಜಗಲಿಯಿದೆ. ದೆಹಲಿಯ ಹುಡುಗಿಗೆ ಮುನಿಸಿಕೊಳ್ಳುವ ಹಕ್ಕೇ ಇಲ್ಲ. ಅವಳ ಹೆಸರೂ ನಮಗೆ ಗೊತ್ತಿಲ್ಲ. ಕೆಲವರು ವರನಂದಿನಿ ಎನ್ನುತ್ತಾರೆ, ಅದಂತೂ ಅವಳಪ್ಪ ಇಟ್ಟ ಹೆಸರಾಗಿರಲಾರದು.

ಜಾನಪದದ ಪಕ್ಕದಲ್ಲಿಟ್ಟರೆ ಕಥೆಯ ಈ ಬಡತನ ಇನ್ನೂ ಎದ್ದು ಕಾಣುತ್ತದೆ. ಕರ್ನಾಟಕದ ದೇವರಿಗೆ ಅನ್ಯಕುಲದ ಎರಡನೇ ಹೆಂಡತಿ ಹೊಸ ವಿಷಯವಲ್ಲ. ಬಿಳಿಗಿರಿರಂಗ ಸೋಲಿಗರ ಕುಸುಮಾಲೆಯ ಬೆನ್ನು ಹತ್ತಿದ, ನಂಜುಂಡ ಚಾಮುಂಡಿಗೆ ಸೋತ. ಆ ಹಾಡುಗಳಲ್ಲಿ ಮೂಗಿಗೆ ಮೂಗು ತಾಗುವ ಜಗಳವಿದೆ. ಹಿರಿಯ ಹೆಂಡತಿ ಬೈಯುತ್ತಾಳೆ, ಕಿರಿಯಳು ಎದುರು ನುಡಿಯುತ್ತಾಳೆ, ದೇವರು ಪೆಚ್ಚಾಗಿ ನಿಂತಿರುತ್ತಾನೆ. ಸೋಲಿಗರು ಈಗಲೂ ರಂಗಪ್ಪನನ್ನು ಭಾವ ಎಂದೇ ಕರೆಯುತ್ತಾರೆ, ಹೆಣ್ಣು ಕೊಟ್ಟ ಕಡೆಯವರ ಸಲುಗೆ ಅದು. ಬೀಬಿಯ ಪರವಾಗಿ ಯಾರು ಭಾವ ಎನ್ನಬೇಕು? ಆಚಾರ್ಯರ ಚರಿತ್ರೆಯಾದ ಗುರುಪರಂಪರೆ ಬರೆದವರಿಗೆ ಹಾಡು ಕಟ್ಟುವ ಹೆಂಗಸರ ಧೈರ್ಯವಿರಲಿಲ್ಲ ಎನ್ನದೆ ವಿಧಿಯಿಲ್ಲ.

ದೇವರೊಳಗೆ ಸೇರಿಹೋದ ಹೆಣ್ಣುಗಳು ಬೇರೆಯೂ ಇದ್ದಾರೆ. ಆಂಡಾಳ್ ರಂಗನಾಥನಲ್ಲಿ ಸೇರಿದಳು, ಅಕ್ಕಮಹಾದೇವಿ ಕದಳಿಯಲ್ಲಿ ಬಯಲಾದಳು. ಆಂಡಾಳಿನ ಹಾಡು ಧನುರ್ಮಾಸದ ಪ್ರತಿ ಬೆಳಗೂ ಮೇಲುಕೋಟೆಯಲ್ಲಿ ಕೇಳಿಸುತ್ತದೆ. ಅಕ್ಕನ ವಚನ ನಮ್ಮ ಬಾಯಲ್ಲೇ ಇದೆ. ಬೀಬಿ ಮಾತ್ರ ಒಂದು ಮಾತನ್ನೂ ಬಿಟ್ಟುಹೋಗಲಿಲ್ಲ, ಅಥವಾ ಅವಳ ಬಾಯಿಗೆ ಒಂದು ಮಾತು ಕೊಡಬೇಕೆಂದು ಯಾರಿಗೂ ಅನಿಸಲಿಲ್ಲ. ಇದೇ ಕಥಾಮಾಲೆಯಲ್ಲಿ ಇನ್ನೊಬ್ಬ ರಾಜಕುಮಾರಿ ಇದ್ದಾಳೆ ಎಂಬುದನ್ನೂ ಗಮನಿಸಿ. ತೊಣ್ಣೂರಿನಲ್ಲಿ ಬಿಟ್ಟಿದೇವನ ಮಗಳಿಗೆ ಭೂತ ಹಿಡಿದಿತ್ತು, ರಾಮಾನುಜರು ಬಿಡಿಸಿದರು, ದೊರೆ ವೈಷ್ಣವನಾದ. ಅವಳಿಗೆ ಏನಾಗಿತ್ತು, ಯಾವುದರ ಭಯ, ಗುಣವಾದ ಮೇಲೆ ಹೇಗಿದ್ದಳು, ಕಥೆಗೆ ಬೇಕಿಲ್ಲ. ಒಬ್ಬಳ ರೋಗ ಅಪ್ಪನ ಮತಾಂತರಕ್ಕೆ ಒದಗಿತು, ಇನ್ನೊಬ್ಬಳ ಒಲವು ದೇವರ ಮರಳುವಿಕೆಗೆ ಒದಗಿತು.

ತೊಣ್ಣೂರಿನ ಐತಿಹ್ಯಗಳಲ್ಲಿ ಇನ್ನೊಂದು ವಿಚಿತ್ರವುಂಟು. ವಾದದಲ್ಲಿ ಸೋತ ಜೈನರನ್ನು ಗಾಣಕ್ಕೆ ಹಾಕಿ ಅರೆಸಿದರಂತೆ. ಶಾಸನಗಳು ಇದಕ್ಕೆ ಸಾಕ್ಷಿ ಹೇಳುವುದಿಲ್ಲ. ಬಿಟ್ಟಿದೇವನ, ಅಂದರೆ ವಿಷ್ಣುವರ್ಧನನ, ಕಾಲದಲ್ಲಿ ಬಸದಿಗಳಿಗೆ ದತ್ತಿ ಹೋಗುತ್ತಲೇ ಇತ್ತು, 1133ರಲ್ಲಿ ಹಳೇಬೀಡಿನ ಪಾರ್ಶ್ವನಾಥ ಬಸದಿ ಎದ್ದಿತು, ರಾಣಿ ಶಾಂತಲೆ ಜೈನಳಾಗಿಯೇ ಉಳಿದಳು. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಗೆ ಹೋದರೆ ಪಂಚಕೂಟ ಬಸದಿ, ಅದರ ಮುಂದಿನ ಎತ್ತರದ ಮಾನಸ್ತಂಭ ಇಂದಿಗೂ ನಿಂತಿವೆ. ಅಂದರೆ ಈ ಕಥಾಮಾಲೆ ನಡೆಯದ ಹಿಂಸೆಯನ್ನು ಗೆಲುವೆಂದು ಹೇಳಿಕೊಳ್ಳುತ್ತದೆ, ನಡೆದ ಹಿಂಸೆಯನ್ನು ಪ್ರೇಮದಲ್ಲಿ ಕರಗಿಸುತ್ತದೆ. ಸಂಕಟವನ್ನು ಅದು ಎದುರಿಸಿತೇ, ಅಲಂಕರಿಸಿತೇ ಎಂದು ಕೇಳಿದರೆ, ಅಲಂಕರಿಸಿತು ಎಂಬ ಕಡೆಗೇ ನನ್ನ ತೀರ್ಪು ವಾಲುತ್ತದೆ.

ಕಿನ್ನರ ಕಥೆ ಸಂಕಟವನ್ನು ಎದುರಿಸಲಾರದು ಎಂದು ಇದರ ಅರ್ಥವಲ್ಲ. ಗಿರೀಶ ಕಾರ್ನಾಡರ ‘ನಾಗಮಂಡಲ’ವನ್ನು ಪಕ್ಕದಲ್ಲಿಡಿ. ಎ.ಕೆ. ರಾಮಾನುಜನ್ ಹೇಳಿದ ಎರಡು ಜನಪದ ಕಥೆಗಳಿಂದ 1988ರಲ್ಲಿ ಬಂದ ನಾಟಕ ಅದು. ಹಗಲಲ್ಲಿ ಬೀಗ ಹಾಕಿ ಹೋಗುವ ಗಂಡ, ರಾತ್ರಿ ಅವನದೇ ರೂಪ ತಳೆದು ಬರುವ ನಾಗ. ಶ್ರೀರಂಗದ ಕಥೆಯಲ್ಲೂ ಹಗಲು ಗೊಂಬೆಯಾಗಿದ್ದವನು ರಾತ್ರಿ ದೇವನಾಗಿ ಸುಲ್ತಾನನ ಮಗಳ ಬಳಿ ಬರುತ್ತಾನೆ. ಎರಡರ ಬೀಜವೂ ಒಂದೇ. ಆದರೆ ಕಾರ್ನಾಡರ ನಾಯಕಿ ರಾಣಿ ಅನುಮಾನಿಸುತ್ತಾಳೆ. ಹಗಲಿನವನಿಗೂ ರಾತ್ರಿಯವನಿಗೂ ಇರುವ ಅಂತರ ಅವಳಿಗೆ ತಿಳಿಯುತ್ತದೆ. ತಿಳಿದೂ ಸುಮ್ಮನಿರುವುದು, ಆಮೇಲೆ ಪಂಚಾಯ್ತಿಯ ಮುಂದೆ ಹಾವು ಹಿಡಿದು ಪ್ರಮಾಣ ಮಾಡುವುದು, ಎಲ್ಲದರಲ್ಲೂ ಅವಳ ನೋವಿಗೆ ಬುದ್ಧಿಯ ಬೆಂಬಲವಿದೆ. ಕೊನೆಯಲ್ಲಿ ಊರು ಅವಳನ್ನು ದೇವಿಯೆಂದು ಮೇಲೆತ್ತುತ್ತದೆ. ಹಾಗೆ ಮೇಲೆತ್ತುವುದೂ ಒಂದು ಬಗೆಯ ಬಾಯಿಮುಚ್ಚುವಿಕೆ ಎಂಬ ಅರಿವು ನಾಟಕಕ್ಕಿದೆ. ಮೇಲುಕೋಟೆಯ ಕಥೆಗೆ ಇಲ್ಲದ್ದು ಈ ಅರಿವು.

ಅದಕ್ಕಾಗಿ ನಾಟಕಕಾರನನ್ನೇ ಕಾಯಬೇಕಿರಲಿಲ್ಲ. ಶ್ರೀರಂಗಪಟ್ಟಣದ ಅಲಮೇಲಮ್ಮನ ಕಥೆಯಲ್ಲಿ ಅದಿದೆ. ವಿಜಯನಗರದ ಪ್ರತಿನಿಧಿ ತಿರುಮಲರಾಯನ ಹೆಂಡತಿ ಅವಳು. 1610ರಲ್ಲಿ ಮೈಸೂರಿನ ರಾಜ ಒಡೆಯರು ಪಟ್ಟಣ ಹಿಡಿದರು. ರೋಗಿ ಗಂಡ ತಲಕಾಡಿನಲ್ಲಿ ತೀರಿಕೊಂಡ, ಅವಳು ಮಾಲಂಗಿಯಲ್ಲಿ ನೆಲೆಸಿದಳು. ಮಂಗಳವಾರ, ಶುಕ್ರವಾರ ರಂಗನಾಯಕಿಗೆ ತೊಡಿಸುತ್ತಿದ್ದ ಒಡವೆಗಳು ಅವಳ ವಶದಲ್ಲಿದ್ದವು. ಕೊಡೆಂದು ಒಡೆಯರ ಆಳುಗಳು ಬಂದರು. ಮುತ್ತಿನ ಮೂಗುತಿ ಕೊಟ್ಟಳು. ಸಾಲದೆಂದು ಬೆನ್ನಟ್ಟಿದರು. ಉಳಿದ ಒಡವೆಯನ್ನು ಸೆರಗಿಗೆ ಕಟ್ಟಿಕೊಂಡು ಕಾವೇರಿಗೆ ಹಾರಿದಳು, ಹಾರುವ ಮುನ್ನ ಶಪಿಸಿದಳು: ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗೆ ಮಕ್ಕಳಾಗದಿರಲಿ.

ತಲಕಾಡಿನ ಮರಳಿಗೆ ನದಿಯ ಹರಿವು, ಮೇಲಿನ ಅಣೆಕಟ್ಟು, ಗಾಳಿಯ ದಿಕ್ಕು ಎಂದು ವಿಜ್ಞಾನ ಬೇರೆ ಕಾರಣ ಕೊಡುತ್ತದೆ. ಶಾಪ ಆಮೇಲೆ ಕಟ್ಟಿದ್ದು ಎನ್ನುವ ಇತಿಹಾಸಕಾರರೂ ಇದ್ದಾರೆ. ಇರಲಿ. ಇಲ್ಲಿ ನೋಡಬೇಕಾದ್ದು ಹೆಣ್ಣಿಗೆ ಸಿಕ್ಕ ಮಾತು. ಅಲಮೇಲಮ್ಮ ಯಾರೊಳಗೂ ಸೇರಿಹೋಗಲಿಲ್ಲ. ಅವಳ ನೋವು ಮರಳಾಗಿ, ಮಡುವಾಗಿ, ಖಾಲಿ ತೊಟ್ಟಿಲಾಗಿ ಉಳಿಯಿತು. ಅವಳ ವಿಗ್ರಹ ಮಾಡಿಸಿ ಪೂಜಿಸುವುದು ಅರಮನೆಗೆ ಅನಿವಾರ್ಯವಾಯಿತು, ಅದು ಇಂದಿಗೂ ನಡೆದಿದೆ. ಬೀಬಿಯದು ಕೃಪೆಯಿಂದ ಸಿಕ್ಕ ಪೂಜೆ, ಇವಳದು ತಪ್ಪೊಪ್ಪಿಗೆಯ ಪೂಜೆ. ಎರಡು ಕಥೆಗಳಲ್ಲಿ ಅಲಮೇಲಮ್ಮನದೇ ದೊಡ್ಡ ಕೃತಿ. ಸಮಾಧಾನ ಮಾಡಲು ಅದಕ್ಕೆ ಆತುರವಿಲ್ಲ.

ಇದೇ ರಾಜ ಒಡೆಯರು ಮೇಲುಕೋಟೆಯ ಚೆಲುವನಾರಾಯಣನ ಪರಮಭಕ್ತರು. ರಾಜಮುಡಿ ಎಂಬ ಕಿರೀಟ ಅವರು ಕೊಟ್ಟದ್ದು, ದೇಗುಲದ ಕಂಬದಲ್ಲಿ ಅವರ ಭಕ್ತವಿಗ್ರಹವಿದೆ. 1617ರಲ್ಲಿ ಅವರು ಗರ್ಭಗುಡಿಯೊಳಗೆ ಹೋದವರು ಹೊರಗೆ ಬರಲಿಲ್ಲ, ದೇವರಲ್ಲೇ ಐಕ್ಯರಾದರು ಎನ್ನುತ್ತದೆ ಐತಿಹ್ಯ. ಸುಲ್ತಾನನ ಮಗಳಿಗೆ ಕೊಟ್ಟ ಮುಕ್ತಾಯವನ್ನೇ ಮೈಸೂರಿನ ದೊರೆಗೂ ಕೊಟ್ಟರು. ಮಾಲಂಗಿಯ ಮಡುವಿನಲ್ಲಿ ಉಳಿದ ಲೆಕ್ಕ ಮೇಲುಕೋಟೆಯಲ್ಲಿ ಚುಕ್ತಾ ಆಯಿತೆಂದು ಹೇಳುವ ಆಸೆ ಅದರಲ್ಲಿ ಇದ್ದೀತು. ತೀರಿಸಲಾಗದ್ದನ್ನೆಲ್ಲ ಗರ್ಭಗುಡಿಯ ಕತ್ತಲಿಗೆ ಸೇರಿಸಿಬಿಡುವುದು ಈ ಊರಿನ ಕಥೆಗಳ ಚಾಳಿ.

ಆದರೂ ಮೇಲುಕೋಟೆಯಲ್ಲೇ ಕಥೆಯಾಗದ ಒಂದು ಗಾಯವಿದೆ. ಮಂಡ್ಯಂ ಅಯ್ಯಂಗಾರರ ಹಲವು ಮನೆಗಳಲ್ಲಿ ನರಕ ಚತುರ್ದಶಿಯ ಹಬ್ಬವಿಲ್ಲ. ಟಿಪ್ಪುವಿನ ಕಾಲದಲ್ಲಿ ಆ ದಿನ ತಮ್ಮ ಹಿರಿಯರ ಕೊಲೆಯಾಯಿತು ಎಂಬುದು ಅವರ ನೆನಪು. ಇತಿಹಾಸಕಾರರಲ್ಲಿ ಇದರ ಬಗ್ಗೆ ಒಮ್ಮತವಿಲ್ಲ, ಈಚೆಗೆ ಅದು ರಾಜಕಾರಣದ ವಸ್ತುವೂ ಆಗಿದೆ. ನೆನಪಿನ ರೂಪವನ್ನಷ್ಟೇ ನೋಡುವುದಾದರೆ, ಇಲ್ಲಿ ರಾಜಕುಮಾರಿಯಿಲ್ಲ, ಪವಾಡವಿಲ್ಲ. ದೀಪ ಹಚ್ಚದಿರುವುದು, ಅಷ್ಟೇ. ಆರುನೂರು, ಏಳುನೂರು ವರ್ಷ ಹಳೆಯ ನೋವಿಗೆ ಪ್ರೇಮಕಥೆಯ ಬಟ್ಟೆ ತೊಡಿಸಿದ ಊರು ಇನ್ನೂರು ವರ್ಷದ ನೋವಿಗೆ ಯಾವ ಬಟ್ಟೆಯನ್ನೂ ಹೊಲಿಯಲಿಲ್ಲ.

ಬೀಬಿಯ ಕಥೆಯನ್ನು ಮತ್ತೆ ಬರೆಯುವವರು ಇಂದಲ್ಲ ನಾಳೆ ಬರುತ್ತಾರೆ, ಐತಿಹಾಸಿಕ ಕಾದಂಬರಿಗೆ ಕನ್ನಡದಲ್ಲಿ ಓದುಗರಿಗೇನೂ ಬರವಿಲ್ಲ. ಅವರು ಅಂತಃಪುರದ ಪರದೆ, ಅತ್ತರು, ಗೆಜ್ಜೆಗಳಲ್ಲಿ ಕಳೆದುಹೋಗದಿದ್ದರೆ ಸಾಕು. ಬರೆಯಬೇಕಾದ ಭಾಗ ದಾರಿಯಲ್ಲಿದೆ. ದೆಹಲಿಯಿಂದ ವಿಗ್ರಹ ತರುವಾಗ ನೆರವಾದವರು ಊರ ಹೊರಗಿನ ಜನ. ಬೆನ್ನಟ್ಟಿ ಬಂದವರಿಂದ ದೇವರನ್ನು ಕಾಪಾಡಿದ್ದಕ್ಕೆ ರಾಮಾನುಜರು ಅವರನ್ನು ತಿರುಕುಲತ್ತಾರ್ ಎಂದು ಕರೆದು ದೇಗುಲ ಪ್ರವೇಶದ ಹಕ್ಕು ಕೊಟ್ಟರು. ಆ ಹಕ್ಕು ಆಚರಣೆಯಲ್ಲಿ ಉಳಿದದ್ದು ವರ್ಷಕ್ಕೆ ಮೂರು ದಿನ. ಮಿಕ್ಕ ದಿನಗಳಿಗೆ ಇಪ್ಪತ್ತನೇ ಶತಮಾನದ ಕಾನೂನು ಬರಬೇಕಾಯಿತು. ತಿಂಗಳುಗಟ್ಟಲೆ ಒಂದೇ ದಾರಿಯಲ್ಲಿ ಒಂದು ಪಲ್ಲಕ್ಕಿ, ಅದರ ಮುಂದೆ ದೇವರನ್ನು ಹೊತ್ತವರು. ಗುರುಪರಂಪರೆ ಆ ಪ್ರಯಾಣವನ್ನು ಎರಡು ಮಾತಿನಲ್ಲಿ ಮುಗಿಸುತ್ತದೆ. ಪರದೆಯೊಳಗಿನ ಹುಡುಗಿಗೆ ಹೊರಗಿನವರ ಭಾಷೆ ಬಾರದು, ಹೊರಗಿನವರಿಗೆ ಅವಳನ್ನು ಕಣ್ಣೆತ್ತಿ ನೋಡುವ ಅಪ್ಪಣೆಯಿಲ್ಲ. ಇಬ್ಬರೂ ಆ ಮೂರ್ತಿ ತಮ್ಮದೆಂದು ನಂಬಿದವರು, ಊರು ತಲುಪಿದ ಮೇಲೆ ತಮಗೆ ಎಷ್ಟು ಜಾಗ ಸಿಗುತ್ತದೆಂದು ತಿಳಿಯದವರು. ನರ್ಮದೆಯ ದಂಡೆಯಲ್ಲೋ ತುಂಗಭದ್ರೆಯ ತೀರದಲ್ಲೋ ಒಂದು ರಾತ್ರಿ ಅವಳು ಪರದೆ ಸರಿಸಿ ನೀರು ಕೇಳಿರಬೇಕು, ಅವರಲ್ಲಿ ಯಾರೋ ಕೊಟ್ಟಿರಬೇಕು. ಮುಟ್ಟಬಾರದವರೆಂದು ಊರು ದೂರವಿಟ್ಟವರ ಕೈಯ ನೀರನ್ನು ಅವಳು ಕುಡಿದ ಆ ಹೊತ್ತಿನಿಂದ ಹೊಸ ಕಥೆ ಶುರುವಾಗಬಹುದು.